ಸೆಕೆಂಡಿನ ಐದನೆಯ ಒಂದು ಭಾಗ

ಸ್ವಿಟ್ಸರ್ಲೆಂಡ್ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಹಿಮಾಚ್ಛಾದಿತವಾದ ಗಿರಿಶಿಖರಗಳು, ಹಾಲು ಬೆರೆತ ಚಾಕೊಲೇಟು, ಮದುವೆಯ ದಿನ ಮಾವನ ಮನೆಯವರು ಅಳಿಯನ ಮುಂಗೈಗೆ ತೊಡಿಸುವ ಗಡಿಯಾರ. ಓಟಗಾರರ ನೆನಪು ಯಾರಿಗೂ ಬಾರದು. ಬರಬೇಕಾದ ಕಾರಣವೂ ಹೆಚ್ಚಿಲ್ಲ. ಹಿಮದ ಮೇಲೆ ಜಾರುವುದರಲ್ಲಿ ಜಗತ್ತನ್ನೇ ಬೆರಗುಗೊಳಿಸಿದ ಆ ನಾಡಿನ ಜನ ಒಲಿಂಪಿಕ್ ಓಟದ ಹಾದಿಯಲ್ಲಿ ಒಂದು ಚಿನ್ನದ ಪದಕವನ್ನೂ ಗೆದ್ದಿಲ್ಲ. ಓಟವಷ್ಟೇ ಅಲ್ಲ, ನಡಿಗೆ, ನೆಗೆತ, ಎಸೆತಗಳನ್ನು ಸೇರಿಸಿಕೊಂಡರೂ 2024ರ ಪ್ಯಾರಿಸ್ ಒಲಿಂಪಿಕ್ ಮುಗಿಯುವವರೆಗೆ ಮಾತು ಅದೇ. ಆದರೆ ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, ಅದೇ ಪ್ಯಾರಿಸಿನಲ್ಲಿ, ಆ ಚಿನ್ನ ಒಬ್ಬ ಸ್ವಿಸ್ ತರುಣನ ಕೈಗೆ ಎಟುಕುವಷ್ಟು ಹತ್ತಿರ ಬಂದು ಜಾರಿಹೋಯಿತು. ಎಷ್ಟು ಹತ್ತಿರ ಎಂದರೆ, ಅಂದಿನ ಗಡಿಯಾರಕ್ಕೆ ಅಳೆಯಲು ಸಾಧ್ಯವಿದ್ದ ಅತ್ಯಲ್ಪ ಕಾಲದಷ್ಟು.

ಆ ತರುಣನ ಹೆಸರು ಪಾಲ್ ಮಾರ್ಟಿನ್. 1901ರಲ್ಲಿ ಜಿನೀವಾದಲ್ಲಿ ಹುಟ್ಟಿದವನು; ಮುಂದೆ ಶಸ್ತ್ರವೈದ್ಯನಾದವನು. ಆತನ ಓಟ ಎಂಟುನೂರು ಮೀಟರಿನದು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಫರ್ಲಾಂಗಿಗೆ ಐದು ಗಜ ಕಡಿಮೆ.

ಈ ಎಂಟುನೂರು ಮೀಟರಿನ ಓಟ ಒಂದು ವಿಚಿತ್ರವಾದ ಓಟ. ನೂರು ಮೀಟರು ಓಡುವವನು ಲೆಕ್ಕಾಚಾರವಿಲ್ಲದೆ ಇದ್ದುದನ್ನೆಲ್ಲ ಒಮ್ಮೆಗೇ ಸುರಿದುಬಿಡಬಹುದು. ಮೂರು ಮೈಲಿ ಓಡುವವನು ಜಾಣ ಗೃಹಸ್ಥನಂತೆ ವರಮಾನ ನೋಡಿಕೊಂಡು ವೆಚ್ಚ ಮಾಡಬೇಕು. ಎಂಟುನೂರು ಮೀಟರಿನವನ ಪಾಡು ಈ ಎರಡರ ನಡುವಿನದು. ಆತ ಸಾಲ ಮಾಡಿ ಓಡಬೇಕು. ಸಾಲವೆಂಬುದು ಇಲ್ಲಿ ಕೇವಲ ಹೋಲಿಕೆಯ ಮಾತಲ್ಲ. ಆರ್ಚಿಬಾಲ್ಡ್ ಹಿಲ್ ಎಂಬ ಇಂಗ್ಲೀಷ್ ಶರೀರಶಾಸ್ತ್ರಜ್ಞ ಮಾಂಸಖಂಡಗಳ ದುಡಿಮೆಯನ್ನು ಕುರಿತು ನಡೆಸಿದ ಸಂಶೋಧನೆಗಾಗಿ 1922ನೆಯ ಸಾಲಿನ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವನು. ಮಾರ್ಟಿನ್ ಓಡುತ್ತಿದ್ದ ವರ್ಷಗಳಲ್ಲೇ ಆತ ಓಟಗಾರರ ಉಸಿರನ್ನು ಅಳೆದು, ‘ಆಮ್ಲಜನಕದ ಸಾಲ’ ಎಂಬ ಮಾತನ್ನು ಶಾಸ್ತ್ರಕ್ಕೆ ತಂದ. ಶ್ವಾಸಕೋಶ ಒದಗಿಸಬಲ್ಲುದಕ್ಕಿಂತ ಹೆಚ್ಚು ಆಮ್ಲಜನಕವನ್ನು ಕಾಲುಗಳು ಬೇಡುವಾಗ ದೇಹವು ಅದಿಲ್ಲದೆಯೇ ಕೆಲಸ ನಡೆಸಿ, ಬಾಕಿಯನ್ನು ಓಟ ಮುಗಿದ ಮೇಲೆ ಏದುಸಿರಿನಿಂದ ತೀರಿಸುತ್ತದೆ. ನೂರು ಮೀಟರಿನವನಿಗೆ ಸಾಲಗಾರ ಬಾಗಿಲು ತಟ್ಟುವ ಹೊತ್ತಿಗೆ ಪಂದ್ಯ ಮುಗಿದಿರುತ್ತದೆ. ಎಂಟುನೂರು ಮೀಟರಿನವನಿಗಾದರೋ ಗುರಿ ಇನ್ನೂ ನೂರು ಗಜ ದೂರವಿರುವಾಗಲೇ ಬಾಗಿಲು ತಟ್ಟುವ ಸದ್ದು ಕೇಳಿಬರುತ್ತದೆ. ತೊಡೆಗಳು ಕಲ್ಲಾಗುತ್ತವೆ, ತೋಳುಗಳು ತಮ್ಮವಲ್ಲವೆನಿಸುತ್ತವೆ. ಆ ಕೊನೆಯ ನೂರು ಗಜದಲ್ಲಿ ಯಾವನು ಎಲ್ಲರಿಗಿಂತ ಕಡಿಮೆ ಕುಂದುತ್ತಾನೋ ಅವನೇ ಗೆದ್ದವನು. ನೋಡುವವರಿಗೆ ಆತ ವೇಗ ಹೆಚ್ಚಿಸಿದಂತೆ ಕಾಣುವುದುಂಟು. ನಿಜವಾಗಿ ಅನೇಕ ಸಲ ಉಳಿದವರು ಅವನಿಗಿಂತ ಬೇಗ ಕುಸಿಯುತ್ತಿರುತ್ತಾರೆ, ಅಷ್ಟೆ.

ಮಾರ್ಟಿನ್ ಮೊದಲ ಬಾರಿ ಒಲಿಂಪಿಕ್ ಕ್ರೀಡಾಂಗಣಕ್ಕೆ ಇಳಿದುದು 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪಿನಲ್ಲಿ. ಆಗ ಅವನಿಗೆ ಹತ್ತೊಂಬತ್ತು ಆಗಷ್ಟೇ ತುಂಬಿತ್ತು. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರದ ಕಾಲ. ಯುದ್ಧದಲ್ಲಿ ನುಚ್ಚುನೂರಾದ ದೇಶವೇ ಆತಿಥೇಯ. ನೆರೆಯ ನಾಡುಗಳ ಅದೆಷ್ಟೋ ಮಂದಿ ಓಟಗಾರರು ಕಂದಕಗಳಲ್ಲಿ ಪ್ರಾಣ ನೀಗಿದ್ದರು. ಆ ವರ್ಷ ಎಂಟುನೂರು ಮತ್ತು ಸಾವಿರದ ಐನೂರು ಮೀಟರುಗಳೆರಡನ್ನೂ ಗೆದ್ದ ಇಂಗ್ಲೆಂಡಿನ ಆಲ್ಬರ್ಟ್ ಹಿಲ್‌ಗೆ (ಮೇಲೆ ಹೇಳಿದ ವಿಜ್ಞಾನಿಗೂ ಈತನಿಗೂ ಹೆಸರಿನ ನೆಂಟತನ ಮಾತ್ರ) ವಯಸ್ಸು ಮೂವತ್ತೊಂದು. ಕಾಲೇಜು ಹುಡುಗನಂತಿದ್ದ ಮಾರ್ಟಿನ್ ಅಂತಿಮ ಸುತ್ತಿಗೆ ಏರಲಿಲ್ಲ. ಬಂದ, ನೋಡಿದ, ಊರಿಗೆ ಮರಳಿದ. ಪ್ರಾಸಂಗಿಕವಾಗಿ ಒಂದು ಮಾತು ಹೇಳಬಹುದು: ಅದೇ ಆಂಟ್‌ವರ್ಪಿನ ಕೂಟದಲ್ಲಿ, ಅದೇ ಆಗಸ್ಟ್ ತಿಂಗಳಿನಲ್ಲಿ, ಬೆಳಗಾವಿಯ ಕಡೆಯ ಫಡೆಪ್ಪ ಚೌಗುಲೆ ಭಾರತದ ಪರವಾಗಿ ಮ್ಯಾರಥಾನ್ ಓಡಿ ಹತ್ತೊಂಬತ್ತನೆಯವನಾಗಿ ಮುಗಿಸಿದ. ಆ ಸಲದ ಮ್ಯಾರಥಾನಿನ ಹಾದಿ ವಾಡಿಕೆಗಿಂತ ಅರ್ಧ ಕಿಲೋಮೀಟರಿನಷ್ಟು ಹೆಚ್ಚು ಉದ್ದವಾಗಿತ್ತು.

ನಾಲ್ಕು ವರ್ಷ ಕಳೆಯಿತು. 1924ರ ಜುಲೈ. ಪ್ಯಾರಿಸಿನ ಹೊರವಲಯದ ಕೊಲೊಂಬ್ ಕ್ರೀಡಾಂಗಣ. ಹ್ಯಾರಲ್ಡ್ ಅಬ್ರಹಾಮ್ಸ್ ಮತ್ತು ಎರಿಕ್ ಲಿಡೆಲ್ಲರ ಕಥೆಯನ್ನು 1981ರ ‘ಚಾರಿಯಟ್ಸ್ ಆಫ್ ಫಯರ್’ ಎಂಬ ಚಲನಚಿತ್ರದಲ್ಲಿ ಕಂಡವರಿಗೆ ಆ ಕೂಟ ಪರಿಚಿತವೇ. ಚಿತ್ರದ ಬೆಳಕು ಬೀಳದೆ ಹೋದ ಮೂಲೆಗಳೂ ಅಲ್ಲಿ ಇದ್ದುವು. ಕೊಲೊಂಬಿನ ಓಟದ ಹಾದಿ ಇಂದಿನಂತೆ ನಾನೂರು ಮೀಟರಿನ ಸುತ್ತಲ್ಲ, ಐನೂರು ಮೀಟರಿನದು. ಹಾಸಿದ್ದು ಕಲ್ಲಿದ್ದಲಿನ ಕಿಟ್ಟದ ಪುಡಿ. ಎಂಟುನೂರು ಮೀಟರಿಗೆ ಒಂದೂವರೆ ಸುತ್ತಿಗಿಂತ ತುಸು ಹೆಚ್ಚು. ಇಂದು ಮೊದಲ ತಿರುವಿನವರೆಗೆ ಓಟಗಾರರು ತಂತಮ್ಮ ಗೆರೆಗಳ ನಡುವೆ ಓಡುತ್ತಾರೆ. ಅಂದು ಆ ಏರ್ಪಾಡಿರಲಿಲ್ಲ. ಪಿಸ್ತೂಲಿನ ಸದ್ದಾದೊಡನೆ ಎಲ್ಲರೂ ಒಳಗಿನ ಅಂಚಿಗೆ ನುಗ್ಗುವುದು. ಮೊಣಕೈ, ಮೊಣಕಾಲು, ಮುಳ್ಳಿನ ಪಾದರಕ್ಷೆ ಯಾರಿಗೆ ತಗುಲಿದರೆ ಅವರ ಅದೃಷ್ಟ.

ಜುಲೈ 6ರಂದು ಮೊದಲ ಸುತ್ತು, 7ರಂದು ಎರಡನೆಯದು, 8ರಂದು ಅಂತಿಮ. ಕೊನೆಗೆ ಉಳಿದವರು ಒಂಬತ್ತು ಮಂದಿ: ನಾಲ್ವರು ಅಮೆರಿಕನ್ನರು, ಮೂವರು ಇಂಗ್ಲೀಷರು, ಒಬ್ಬ ನಾರ್ವೆಯವನು, ಮತ್ತು ಮಾರ್ಟಿನ್. ಆ ನಾರ್ವೆಯವನ ಕಥೆಯೇ ಒಂದು ಸ್ವಾರಸ್ಯ. ಚಾರ್ಲ್ಸ್ ಹಾಫ್ ಎಂಬ ಆತ ಕೋಲು ಹಿಡಿದು ನೆಗೆಯುವುದರಲ್ಲಿ ಜಗತ್ತಿನ ದಾಖಲೆ ಸ್ಥಾಪಿಸಿದ್ದವನು. ಪ್ಯಾರಿಸಿಗೆ ಬಂದವನು ಕಾಲಿನ ನೋವಿನಿಂದ ನೆಗೆಯಲಾರದೆ ಹೋದ. ಬಂದುದಕ್ಕೆ ಬರಿಗೈಲಿ ಕೂರಲಾರೆನೆಂದು ಎಂಟುನೂರು ಮೀಟರಿಗೆ ಇಳಿದು ಅಂತಿಮ ಸುತ್ತಿಗೇ ಬಂದುಬಿಟ್ಟಿದ್ದ! ನೆಗೆಯಲಾಗದ ಕಾಲು ಓಡಲು ಹೇಗೆ ಒಪ್ಪಿತೋ ಅವನೇ ಬಲ್ಲ.

ಎಲ್ಲರ ಕಣ್ಣಿದ್ದುದು ಇಂಗ್ಲೆಂಡಿನ ಹೆನ್ರಿ ಸ್ಟಾಲರ್ಡನ ಮೇಲೆ. ಕೇಂಬ್ರಿಜಿನಲ್ಲಿ ವೈದ್ಯಶಾಸ್ತ್ರ ಓದಿದ ಆತ ಮುಂದೆ ನಿಂತು ಓಡುವ ಸ್ವಭಾವದವನು. ಇನ್ನೊಬ್ಬರ ಬೆನ್ನ ಹಿಂದೆ ಅಡಗಿ ಕೊನೆಗೆ ಹೊರಬೀಳುವುದು ಅವನಿಗೆ ಒಗ್ಗದು. ಆತನ ಸಹಪಾಠಿ ಡಗ್ಲಸ್ ಲೋ ಎರಡನೆಯ ಭರವಸೆ ಎನಿಸಿಕೊಂಡಿದ್ದ. ಸ್ಟಾಲರ್ಡನ ಪಾದಕ್ಕೆ ಪೆಟ್ಟಾಗಿತ್ತು. ಆದರೂ ಆತ ತನ್ನ ರೀತಿಯನ್ನು ಬಿಡಲಿಲ್ಲ. ಮುಂದಾಳಾಗಿ ಬಿರುಸಿನಿಂದ ಓಡಿದ. ಉಳಿದವರು ಅವನ ನೆರಳು ಹಿಡಿದು ಬಂದರು. ಕೊನೆಯ ತಿರುವು ಮುಗಿದು ನೇರ ಹಾದಿ ತೆರೆದುಕೊಂಡಾಗ ಸಾಲಗಾರ ಬಂದು ನಿಂತದ್ದು ಮೊದಲು ಸ್ಟಾಲರ್ಡನ ಬಾಗಿಲಿಗೇ. ಪೆಟ್ಟಾದ ಪಾದ, ಅಷ್ಟು ದೂರ ಗಾಳಿಯನ್ನು ಸೀಳಿಕೊಂಡು ಬಂದ ಎದೆ, ಎರಡೂ ಒಮ್ಮೆಗೇ ಬಾಕಿ ಕೇಳಿದುವು. ಲೋ ಅವನನ್ನು ದಾಟಿದ. ಮಾರ್ಟಿನ್ ದಾಟಿದ. ಇನ್ನು ಉಳಿದುದು ಇಬ್ಬರೇ, ಭುಜಕ್ಕೆ ಭುಜ ತಾಗುವಂತೆ.

ಮಾರ್ಟಿನ್ ಹತ್ತಿರ ಹತ್ತಿರ ಬಂದ. ಲೋ ಬಿಟ್ಟುಕೊಡಲಿಲ್ಲ. ಎದೆಗೆ ತಾಗುವ ಉಣ್ಣೆಯ ದಾರ ಹರಿದುದು ಇಂಗ್ಲೀಷನ ಎದೆಯಿಂದ.

ಲೋ: 1 ನಿಮಿಷ 52.4 ಸೆಕೆಂಡು. ಮಾರ್ಟಿನ್: 1 ನಿಮಿಷ 52.6. ಅಮೆರಿಕದ ಶೈಲರ್ ಎಂಕ್ 1 ನಿಮಿಷ 53.0ಗೆ ಮೂರನೆಯವನು. ಸ್ಟಾಲರ್ಡನಿಗೂ ಗಡಿಯಾರ ಅದೇ ಕಾಲವನ್ನು ತೋರಿಸಿತು. ಸ್ಥಾನ ಮಾತ್ರ ನಾಲ್ಕನೆಯದು.

ಈ ಅಂಕಿಗಳನ್ನು ತುಸು ನಿಧಾನವಾಗಿ ನೋಡಬೇಕು. ದಶಾಂಶದ ಸ್ಥಾನದಲ್ಲಿ ನಾಲ್ಕು, ಆರು, ಸೊನ್ನೆ, ಎಲ್ಲವೂ ಸರಿಸಂಖ್ಯೆಗಳೇ. ಇದು ಆಕಸ್ಮಿಕವಲ್ಲ. ಅಂದು ತೀರ್ಪುಗಾರರು ಹಿಡಿದ ಕೈಗಡಿಯಾರಗಳ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತಿತ್ತು. ಐದನೆಯ ಒಂದು ಭಾಗಕ್ಕಿಂತ ಸಣ್ಣದನ್ನು ಅದು ಅರಿಯದು. ಎಂದರೆ ಇಬ್ಬರ ನಡುವೆ ಅಂತರವಿದೆ ಎಂದು ಹೇಳಲು ಆ ಯಂತ್ರದ ಬಳಿ ಇದ್ದ ಅತಿ ಚಿಕ್ಕ ಮಾತೇ ಅದು. ಅದಕ್ಕಿಂತ ಕಡಿಮೆಯಾಗಿದ್ದರೆ ಇಬ್ಬರಿಗೂ ಒಂದೇ ಕಾಲ ಬರೆಯಬೇಕಾಗುತ್ತಿತ್ತು. ಆ ವೇಗದಲ್ಲಿ ಐದನೆಯ ಒಂದು ಸೆಕೆಂಡಿಗೆ ಓಡುವ ದೂರ ಸುಮಾರು ಮೂರು ಮೊಳ. ಛಾಯಾಚಿತ್ರ ನೋಡಿ ತೀರ್ಪು ಹೇಳುವ ಏರ್ಪಾಡು ನೆಲೆಗೊಂಡುದು 1948ರ ಲಂಡನ್ ಒಲಿಂಪಿಕ್ಕಿನಲ್ಲಿ. 1924ರಲ್ಲಿ ಯಾರು ಮೊದಲು ಎಂಬುದನ್ನು ನಿರ್ಣಯಿಸಿದುದು ಗೆರೆಯ ಪಕ್ಕದಲ್ಲಿ ನಿಂತ ಮನುಷ್ಯರ ಕಣ್ಣು. ಅವರ ನಿರ್ಣಯದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಲೋ ಗೆದ್ದನೆಂಬುದು ನಿಶ್ಚಯ. ವಿಧಿಯ ಕುಚೋದ್ಯವೆಂದರೆ, ಸೆಕೆಂಡನ್ನು ನೂರು ಚೂರು ಮಾಡಿ ತೋರಿಸಬಲ್ಲ ‘ಮೈಕ್ರೊಗ್ರಾಫ್’ ಎಂಬ ಗಡಿಯಾರವನ್ನು ಅದಕ್ಕೂ ಎಂಟು ವರ್ಷ ಮೊದಲೇ, 1916ರಲ್ಲಿ, ಮಾಡಿದ್ದವರು ಮಾರ್ಟಿನ್ನನ ದೇಶದವರೇ ಆದ ಹೋಯರ್ ಕಾರ್ಖಾನೆಯವರು. ಜಗತ್ತಿಗೆಲ್ಲ ಕಾಲ ಅಳೆದುಕೊಡುವ ನಾಡಿನ ಹುಡುಗನಿಗೆ ಕಾಲವೇ ಮೂರು ಮೊಳ ಕಡಿಮೆಯಾಯಿತು.

ಎರಡು ದಿನದ ಮೇಲೆ ಇನ್ನೊಂದು ವಿಸ್ಮಯ ನಡೆಯಿತು. ಸಾವಿರದ ಐನೂರು ಮೀಟರಿನಲ್ಲಿ ಎಲ್ಲರೂ ನೋಡಲು ಬಂದುದು ಫಿನ್ಲೆಂಡಿನ ಪಾವೊ ನುರ್ಮಿಯನ್ನು. ಒಂದು ಗಂಟೆಯ ಬಿಡುವಿನಷ್ಟರಲ್ಲಿ ಐದು ಸಾವಿರ ಮೀಟರನ್ನೂ ಓಡಬೇಕಾಗಿದ್ದ ಆ ಮೌನಿ ಕೈಯಲ್ಲಿ ಗಡಿಯಾರ ಹಿಡಿದು, ಎದುರಾಳಿಗಳ ಕಡೆ ತಿರುಗಿಯೂ ನೋಡದೆ, 3 ನಿಮಿಷ 53.6 ಸೆಕೆಂಡಿನಲ್ಲಿ ಮುಗಿಸಿದ. ಐದು ಸಾವಿರವನ್ನೂ ಗೆದ್ದ. ಈ ಗದ್ದಲದಲ್ಲಿ ಸಾವಿರದ ಐನೂರರ ಎರಡನೆಯ ಸ್ಥಾನಕ್ಕೆ ಬಂದವನನ್ನು ಗಮನಿಸಿದವರು ಕಡಿಮೆ. ಆತನೂ ಸ್ವಿಸ್ ತರುಣನೇ, ಬರ್ನ್ ನಗರದ ವಿಲ್ಲಿ ಶೇರರ್. ಕಾಲ 3 ನಿಮಿಷ 55.0. ಮೂರನೆಯವನಾಗಿ ಬಂದು ಗೆರೆ ದಾಟಿದೊಡನೆ ಕುಸಿದು ಬಿದ್ದವನು ಅದೇ ಸ್ಟಾಲರ್ಡ್, ಅದೇ ಪೆಟ್ಟಾದ ಪಾದದಿಂದ. ಲೋ ನಾಲ್ಕನೆಯವನು. ಓಟದ ಪರಂಪರೆಯೇ ಇಲ್ಲದ ಪುಟ್ಟ ದೇಶವೊಂದು ಮೂರು ದಿನದೊಳಗೆ ಮಧ್ಯಮ ದೂರದ ಎರಡು ಓಟಗಳಲ್ಲೂ ಬೆಳ್ಳಿ ಗಳಿಸಿತ್ತು. ಅಂಥ ವಾರ ಆ ದೇಶಕ್ಕೆ ಮತ್ತೆ ಬರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಮಾರ್ಟಿನ್ನನ ಹೆಸರನ್ನು ಅಂಕಿ ಅಂಶಗಳ ಪುಸ್ತಕದಲ್ಲಿ ಹುಡುಕಬೇಕಾಗಿತ್ತು. ಶೇರರನಿಗೆ ಆದುದು ಬಹುಮಟ್ಟಿಗೆ ಹಾಗೆಯೇ. ಮಾರ್ಟಿನ್ ಮಾತ್ರ ಬಿಡಲಿಲ್ಲ. 1928ರಲ್ಲಿ ಆಮ್ಸ್ಟರ್ಡಾಮಿಗೆ ಬಂದ. 1932ರಲ್ಲಿ ಅಟ್ಲಾಂಟಿಕ್ ಸಾಗರವನ್ನೂ ಅಮೆರಿಕ ಖಂಡವನ್ನೂ ದಾಟಿ ಲಾಸ್ ಏಂಜಲಿಸ್‌ಗೆ ಹೋದ; ಹಣದ ಮುಗ್ಗಟ್ಟಿನ ಆ ವರ್ಷ ಸ್ವಿಟ್ಸರ್ಲೆಂಡ್ ಕಳುಹಿಸಿದ ತಂಡ ಬೆರಳಲ್ಲಿ ಎಣಿಸುವಷ್ಟು. 1936ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಬರ್ಲಿನ್ನಿಗೂ ಬಂದ. ಹದಿನಾರು ವರ್ಷಗಳಲ್ಲಿ ಐದು ಒಲಿಂಪಿಕ್. ಅಂದಿನ ಓಟಗಾರರಲ್ಲಿ ಇದು ಬಹು ಅಪೂರ್ವ. ವೃತ್ತಿಗಾಗಿ ಓಡುವವರಿಗೆ ಒಲಿಂಪಿಕ್ಕಿನ ಬಾಗಿಲು ಮುಚ್ಚಿದ್ದ ಕಾಲವದು. ಓಟದಿಂದ ಊಟ ಹುಟ್ಟುವಂತಿರಲಿಲ್ಲ. ಓದು ಮುಗಿಸಿ ಕೆಲಸ ಹಿಡಿದವರು ಇಪ್ಪತ್ತೈದಕ್ಕೆಲ್ಲ ಮುಳ್ಳಿನ ಪಾದರಕ್ಷೆಯನ್ನು ಗೋಡೆಗೆ ತೂಗುಹಾಕುವುದೇ ವಾಡಿಕೆ.

ಮತ್ತೆ ಪದಕ ಬರಲಿಲ್ಲ. ಬಾರದಿದ್ದುದಕ್ಕೆ ಕಾರಣ ಮಾರ್ಟಿನ್ನನ ಕಾಲುಗಳಲ್ಲಿ ಮಾತ್ರ ಇರಲಿಲ್ಲ. ಗುರಿಯೇ ಮುಂದೆ ಮುಂದೆ ಓಡುತ್ತಿತ್ತು. ಆಂಟ್‌ವರ್ಪಿನ ದಿನಗಳಲ್ಲಿ ಎಂಟುನೂರು ಮೀಟರಿನ ಜಾಗತಿಕ ದಾಖಲೆ 1912ರಲ್ಲಿ ಅಮೆರಿಕದ ಟೆಡ್ ಮೆರೆಡಿತ್ ಸ್ಥಾಪಿಸಿದ 1 ನಿಮಿಷ 51.9 ಸೆಕೆಂಡಾಗಿತ್ತು, ಹನ್ನೆರಡು ವರ್ಷದ ಮೇಲೆ ಪ್ಯಾರಿಸಿನಲ್ಲೂ ಅದನ್ನು ಯಾರೂ ಮುಟ್ಟಲಿಲ್ಲ. ಅನಂತರ ಬಂಡೆ ಬಿರಿದಂತಾಯಿತು. 1926ರಲ್ಲಿ ಜರ್ಮನಿಯ ಡಾಕ್ಟರ್ ಒಟ್ಟೊ ಪೆಲ್ಟ್ಸರ್ ಅದನ್ನು ಮುರಿದ. (ಈತ ತನ್ನ ಬಾಳಿನ ಕೊನೆಯ ಘಟ್ಟದಲ್ಲಿ ದಿಲ್ಲಿಗೆ ಬಂದು ಭಾರತದ ಓಟಗಾರರಿಗೆ ಶಿಕ್ಷಣ ಕೊಟ್ಟವನು, ಅವನ ಕಥೆ ಬೇರೆಯದೇ, ದುಃಖದ್ದು.) 1928ರಲ್ಲಿ 1 ನಿಮಿಷ 50.6ಕ್ಕೆ ಇಳಿಸಿದವನು ಸೇರಾ ಮಾರ್ಟಿನ್. ಈತ ಫ್ರಾನ್ಸಿನವನು, ಒಂದೇ ಹೆಸರು, ಒಂದೇ ಓಟ, ಒಂದೇ ಕಾಲ ಆದುದರಿಂದ ಇಬ್ಬರು ಮಾರ್ಟಿನ್ನರನ್ನು ಒಬ್ಬನೆಂದೇ ತಿಳಿಯುವ ಭ್ರಾಂತಿಗೆ ಎಡೆಯಿದೆ. ಆಮ್ಸ್ಟರ್ಡಾಮಿನಲ್ಲಿ ಗೆದ್ದವನು ಮತ್ತೆ ಡಗ್ಲಸ್ ಲೋ, 1 ನಿಮಿಷ 51.8ರಲ್ಲಿ. ಎಂಟುನೂರರ ಚಿನ್ನವನ್ನು ಎರಡು ಬಾರಿ ಗೆದ್ದ ಮೊದಲಿಗ ಅವನೇ. ಎರಡನೆಯ ಗೆಲುವನ್ನು ಕಂಡ ಮೇಲೆ, ನಾಲ್ಕು ವರ್ಷ ಹಿಂದೆ ಮಾರ್ಟಿನ್ ಮೂರು ಮೊಳದ ಅಂತರದಲ್ಲಿ ಸೋತದ್ದು ಎಂಥ ಎದುರಾಳಿಗೆ ಎಂಬುದು ತಿಳಿಯಿತು. ಲಾಸ್ ಏಂಜಲಿಸಿನಲ್ಲಿ ಇಂಗ್ಲೆಂಡಿನ ಉಪಾಧ್ಯಾಯ ಟಾಮಿ ಹ್ಯಾಂಪ್ಸನ್ ಮೊದಲ ಬಾರಿಗೆ 1 ನಿಮಿಷ 50 ಸೆಕೆಂಡಿನ ಗೋಡೆಯನ್ನು ದಾಟಿದ. ಪ್ಯಾರಿಸಿನ ಮಾರ್ಟಿನ್ನನನ್ನೇ ತಂದು ಅಲ್ಲಿ ನಿಲ್ಲಿಸಿದ್ದರೂ ಹ್ಯಾಂಪ್ಸನ್ನನ ಹಿಂದೆ ಇಪ್ಪತ್ತು ಗಜಕ್ಕಿಂತ ಹೆಚ್ಚು ದೂರ ಉಳಿಯುತ್ತಿದ್ದ.

ಇದನ್ನು ತಿಳಿಯದವನಲ್ಲ ಮಾರ್ಟಿನ್. ಶರೀರದ ವ್ಯಾಪಾರವನ್ನು ಶಾಸ್ತ್ರವಾಗಿ ಕಲಿತವನಿಗೆ ತನ್ನ ಶರೀರದ ಅಳತೆ ತಿಳಿಯದೆ ಇರುತ್ತದೆಯೆ? ಹೃದಯ, ಶ್ವಾಸಕೋಶ, ಮಾಂಸಖಂಡ ಯಾವ ವಯಸ್ಸಿಗೆ ಎಷ್ಟು ಕೊಡುತ್ತವೆ ಎಂಬುದು ವೈದ್ಯನಿಗೆ ಬೇರೆಯವರು ಹೇಳಬೇಕಾದ ಮಾತಲ್ಲ. ಆದುದರಿಂದ ಆಮ್ಸ್ಟರ್ಡಾಮಿನ ಬಳಿಕ ಆತ ಓಡಿದುದನ್ನು ಚಿನ್ನದ ಆಸೆಯ ಓಟವೆನ್ನುವುದು ಸರಿಯಾಗದು. ಸೋತ ಪಂದ್ಯದ ನೆನಪನ್ನು ಅಟ್ಟಿಸಿಕೊಂಡು ಹೋದನೆಂಬ ಊಹೆಯೂ ಕಾದಂಬರಿಗೆ ಒಪ್ಪೀತೇ ಹೊರತು, ಪರದೇಶದ ಮೈದಾನದಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ನಿಂತು, ಸೋಲನ್ನು ಮೊದಲೇ ಎಣಿಸಿಕೊಂಡು, ಮತ್ತೆ ಮತ್ತೆ ಗೆರೆಯ ಮೇಲೆ ಬೆರಳೂರಿದವನಿಗೆ ಒಪ್ಪುವುದಿಲ್ಲ. ಓಟ ಆತನಿಗೆ ರುಚಿಸುತ್ತಿತ್ತು. ಸಂಗೀತಗಾರನೊಬ್ಬ ಕಂಠ ತುಸು ಒಡೆದ ಮೇಲೂ ಬೆಳಗ್ಗೆ ಎದ್ದು ಶ್ರುತಿ ಹಿಡಿಯುವುದಿಲ್ಲವೆ?

ಅಂದಿನ ಆ ನೇರ ಹಾದಿಯಲ್ಲಿ ಒಂದಾಗಿ ಬಂದ ಮೂವರ ಮುಂದಿನ ಬಾಳೂ ಕುತೂಹಲಕರ. ಲೋ ನ್ಯಾಯವಾದಿಯಾಗಿ, ಮುಂದೆ ನ್ಯಾಯಾಧೀಶನಾಗಿ, 1981ರಲ್ಲಿ ತೀರಿಕೊಂಡ. ಸ್ಟಾಲರ್ಡ್ ಲಂಡನ್ನಿನಲ್ಲಿ ನೇತ್ರವೈದ್ಯನಾದ. ಹಸುಮಕ್ಕಳ ಕಣ್ಣಿನ ಒಳಗೆ ಬೆಳೆಯುವ ದುರ್ಮಾಂಸಕ್ಕೆ, ಕಣ್ಣನ್ನೇ ಕಿತ್ತು ತೆಗೆಯದೆ, ವಿಕಿರಣ ಸೂಸುವ ಪುಟ್ಟ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಮೈಗೆ ಹೊಲಿದು ಚಿಕಿತ್ಸೆ ಮಾಡುವ ವಿಧಾನವನ್ನು ಬೆಳೆಸಿದವರಲ್ಲಿ ಆತ ಅಗ್ರಗಣ್ಯ. ಆ ವಿಧಾನ ನೇತ್ರವೈದ್ಯರ ಕೈಯಲ್ಲಿ ಬೇರೆ ಬೇರೆ ರೂಪಗಳಲ್ಲಿ ಮುಂದುವರಿದಿದೆ. ಪ್ಯಾರಿಸಿನಲ್ಲಿ ಎಲ್ಲರಿಗೂ ದಾರಿ ಮಾಡಿಕೊಟ್ಟು ತಾನು ಪದಕ ಕಳೆದುಕೊಂಡವನಿಂದ ಎಷ್ಟು ಮಕ್ಕಳಿಗೆ ಬೆಳಕು ಉಳಿಯಿತೋ! ಇನ್ನು ಮಾರ್ಟಿನ್ ಲೊಸಾನ್ ನಗರದಲ್ಲಿ ಶಸ್ತ್ರವೈದ್ಯನಾಗಿ ನೆಲೆಸಿದ. ಲೆಮಾನ್ ಸರೋವರದ ದಂಡೆಯ ಆ ಊರು 1915ರಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ನೆಲೆಯೂ ಹೌದು. 1987ರಲ್ಲಿ, ಎಂಬತ್ತೈದು ವರ್ಷ ತುಂಬಿದ ಮೇಲೆ, ಡಾಕ್ಟರ್ ಮಾರ್ಟಿನ್ ಕಾಲವಾದರು.

ಅವರು ಹುಟ್ಟಿ ನೂರನೆಯ ವರ್ಷದಲ್ಲಿ ಎಂಟುನೂರು ಮೀಟರು ಮತ್ತೊಮ್ಮೆ ಸ್ವಿಸ್ ಜನರ ಮಾತಾಯಿತು. ಈ ಬಾರಿಯ ಓಟಗಾರ ಲುಸೆರ್ನ್ ಪ್ರಾಂತದ ಆಂಡ್ರೆ ಬುಕರ್. ಇಲ್ಲಿ ಎಲ್ಲವೂ ಬದಲಾಗಿತ್ತು: ಓಟವೇ ವೃತ್ತಿ, ಜತೆಗೆ ಖಾಸಾ ಶಿಕ್ಷಕ, ರಬ್ಬರಿನ ಹಾದಿ, ನೂರನೆಯ ಭಾಗವನ್ನು ತಾನಾಗಿ ಬರೆಯುವ ವಿದ್ಯುತ್ ಗಡಿಯಾರ. ಆದರೆ ಬಾಗಿಲು ತಟ್ಟುವ ಸಾಲಗಾರ ಮಾತ್ರ ಹಳಬನೇ. 2000ದ ಸಿಡ್ನಿ ಒಲಿಂಪಿಕ್ಕಿನ ಅಂತಿಮ ಓಟದಲ್ಲಿ ಬುಕರ್ ಐದನೆಯವನು. ಚಿನ್ನ ಗೆದ್ದ ಜರ್ಮನಿಯ ನಿಲ್ಸ್ ಶುಮಾನ್‌ಗೂ ಅವನಿಗೂ ನಡುವೆ ಇದ್ದುದು 0.32 ಸೆಕೆಂಡು; ಅಷ್ಟರೊಳಗೆ ಇನ್ನೂ ಮೂವರು ತೂರಿಕೊಂಡಿದ್ದರು! ಹಳೆಯ ಗಡಿಯಾರದ ಮುಳ್ಳು ಇಡುತ್ತಿದ್ದ ಎರಡು ಹೆಜ್ಜೆಗೂ ಕಡಿಮೆಯಾದ ಆ ಅವಧಿಯಲ್ಲಿ ಐವರ ಭವಿಷ್ಯ ನಿರ್ಣಯವಾಯಿತು.

ಮರುವರ್ಷ ಆಗಸ್ಟಿನಲ್ಲಿ, ಕೆನಡದ ಎಡ್ಮಂಟನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬುಕರ್ ಯಾರಿಗೂ ಸಂದೇಹ ಉಳಿಸಲಿಲ್ಲ. 1 ನಿಮಿಷ 43.70 ಸೆಕೆಂಡಿಗೆ ಮೊದಲಿಗ. ಏಳು ವರ್ಷದ ಮೇಲೆ ಬೀಜಿಂಗಿನಲ್ಲಿ ಒಲಿಂಪಿಕ್ ಚಿನ್ನ ಗೆಲ್ಲಲಿದ್ದ ಕೀನ್ಯಾದ ವಿಲ್ಫ್ರೆಡ್ ಬುಂಗೈ ಎರಡನೆಯವನು. ಹತ್ತು ದಿನ ಕಳೆದು ತಾಯ್ನಾಡಿನ ಜ್ಯೂರಿಕ್ ನಗರದಲ್ಲಿ, ತನ್ನವರ ಕೂಗಿನ ನಡುವೆ, 1 ನಿಮಿಷ 42.55ಕ್ಕೆ ಓಡಿದ. ಅದು ಕೊಲೊಂಬಿನ ಮಾರ್ಟಿನ್ನನ ಕಾಲಕ್ಕಿಂತ ಹತ್ತು ಸೆಕೆಂಡು ಕಡಿಮೆ. ಇಬ್ಬರನ್ನೂ ಒಂದೇ ಹಾದಿಯಲ್ಲಿ ಓಡಿಸಿದರೆ ಬುಕರ್ ಗೆರೆ ದಾಟುವಾಗ ಮಾರ್ಟಿನ್ ಎಪ್ಪತ್ತು ಮೀಟರು ಹಿಂದೆ ಇರುತ್ತಿದ್ದ. ಕಿಟ್ಟದ ಪುಡಿಯ ಹಾದಿಯನ್ನೂ, ಓದಿನ ನಡುವಿನ ಬಿಡುವಿನಲ್ಲಿ ಮಾಡುತ್ತಿದ್ದ ಅಂದಿನ ಅಭ್ಯಾಸವನ್ನೂ ಲೆಕ್ಕಕ್ಕೆ ಹಿಡಿದರೆ ಆ ಎಪ್ಪತ್ತು ಎಷ್ಟಕ್ಕೆ ಇಳಿದೀತೆಂದು ಸ್ವಿಸ್ ಪಾನಗೃಹಗಳಲ್ಲಿ ಕುಳಿತು ವಾದಿಸಲು ಸಾಕಷ್ಟು ಅವಕಾಶವಿದೆ.

2002ರಲ್ಲಿ ಮ್ಯೂನಿಕ್ಕಿನಲ್ಲಿ ಯೂರೋಪಿನ ಚಾಂಪಿಯನ್‌ಷಿಪ್ಪು ನಡೆಯಿತು. ಮತ್ತೆ ಕೊನೆಯ ನೇರ ಹಾದಿ, ಮತ್ತೆ ಎದೆಗೆ ಎದೆ. ಡೆನ್ಮಾರ್ಕಿನ ಪರವಾಗಿ ಓಡುತ್ತಿದ್ದ, ಅಂದಿನ ಜಾಗತಿಕ ದಾಖಲೆಯ ಒಡೆಯ ವಿಲ್ಸನ್ ಕಿಪ್‌ಕೆಟರ್ 1 ನಿಮಿಷ 47.25ರಲ್ಲಿ ಗೆದ್ದ. ಬುಕರ್ ಎರಡನೆಯವನು, 1 ನಿಮಿಷ 47.43. ಅಂತರ ಸೆಕೆಂಡಿನ ನೂರರಲ್ಲಿ ಹದಿನೆಂಟು ಭಾಗ.